ಇವತ್ತು ಹಾರಿಸಲ್ಲ

ಆಯುಧಪೂಜೆಯ ದಿನ ಬಸವೇಶ್ವರನಗರದಲ್ಲಿ ಯಾವ ಗಾಡಿಗೂ ಬಿಡುವಿಲ್ಲ. ಸೈಕಲ್ಲಿನಿಂದ ಹಿಡಿದು ನೀರಿನ ಟ್ಯಾಂಕರಿನವರೆಗೆ ಎಲ್ಲಕ್ಕೂ ಮೈ ತೊಳೆದು, ಹೂವು ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಒಂದು ಸುತ್ತು ಓಡಿಸಿಕೊಂಡು ಬರಲೇಬೇಕು. ಇಲ್ಲದಿದ್ದರೆ ಪೂಜೆ ಮುಗಿದ ಸಮಾಧಾನ ಯಾರಿಗೂ ಆಗುವುದಿಲ್ಲ. 2009ರ ಆಯುಧಪೂಜೆಗೆ ಬಸವಲಿಂಗಪ್ಪನವರ ಮನೆಯ ಮುಂದೆ ಸ್ಕೂಟರಿನ ಪಕ್ಕದಲ್ಲಿ ಇನ್ನೊಂದು ವಾಹನವೂ ಕೂತಿತ್ತು. ಅದಕ್ಕೆ ಚಕ್ರವೇ ಇರಲಿಲ್ಲ.

ಅದು ಅವರ ಮಗಳು ಸೌಂದರ್ಯಾ ಡಿಪ್ಲೊಮಾ ಪ್ರಾಜೆಕ್ಟಿಗೆಂದು ತಾನೇ ಕಟ್ಟಿದ ರಿಮೋಟ್ ಕಂಟ್ರೋಲ್ ಕ್ವಾಡ್‌ಕಾಪ್ಟರ್. ನಾಲ್ಕು ಅಲ್ಯೂಮಿನಿಯಂ ತೋಳು, ತೋಳಿನ ತುದಿಗೊಂದು ಮೋಟಾರು, ಮೋಟಾರಿಗೊಂದು ಪ್ಲಾಸ್ಟಿಕ್ ರೆಕ್ಕೆ, ನಡುವೆ ಬ್ಯಾಟರಿ. ಆಗ ಅಂಥದ್ದನ್ನು ಕಣ್ಣಿನಿಂದ ಕಂಡವರೇ ಕಡಿಮೆ. ಬೀದಿಯವರು ಅದನ್ನು 'ನಾಲ್ಕು ಫ್ಯಾನಿನ ಹೆಲಿಕಾಪ್ಟರ್' ಅನ್ನುತ್ತಿದ್ದರು. ಬಸವಲಿಂಗಪ್ಪನವರು ಸರ್ಕಾರಿ ಅಧಿಕಾರಿ, ಮಾತು ಕಡಿಮೆ. ಆದರೆ ಮಗಳ ವಿಷಯ ಬಂದರೆ ಅವರನ್ನು ನಿಲ್ಲಿಸುವುದು ಕಷ್ಟ. ಅವತ್ತು ಬೀದಿಯ ಅರ್ಧ ಜನವನ್ನು ಅವರೇ ಕರೆದಿದ್ದರು. ಬಡಾವಣೆ ಸಂಘದ ಅಧ್ಯಕ್ಷ ರಾಚಪ್ಪನವರೂ ಬಂದು ಕೋಸಂಬರಿ ತಿನ್ನುತ್ತಾ ನಿಂತಿದ್ದರು.

ಮಂಗಳಾರತಿ ಆಯಿತು. ಸ್ಕೂಟರು ನಿಂಬೆಹಣ್ಣು ಹಿಸುಕಿ ಒಂದು ಸುತ್ತು ಹೋಗಿ ಬಂತು.

"ಈಗ ಇದರ ಸರದಿ. ಒಂದು ಸುತ್ತು ಹಾರಿಸಮ್ಮ" ಎಂದರು ಬಸವಲಿಂಗಪ್ಪ.

"ಅಪ್ಪಾಜಿ, ಇಲ್ಲಿ ಬೇಡ... ನಂಗಿನ್ನೂ ಸರಿಯಾಗಿ ಬರಲ್ಲ."

"ಎಲ್ಲಾ ಕಾಯ್ತಾ ಇದಾರೆ ಕಣೇ. ಸ್ವಲ್ಪ ಮೇಲೆತ್ತಿ ಇಳಿಸು, ಸಾಕು."

ಎಲ್ಲರ ಕಣ್ಣೂ ಅವಳ ಮೇಲಿತ್ತು. ಸೌಂದರ್ಯಾ ಯಂತ್ರದ ಮೇಲಿದ್ದ ಹಾರವನ್ನು ತೆಗೆದಿಟ್ಟಳು. ಅದರ ತೋಳಿಗೆ ಸುತ್ತಿದ್ದ ಮಲ್ಲಿಗೆ ದಾರವನ್ನೂ ಬಿಚ್ಚಲು ಹೋದಾಗ ಅಪ್ಪ, "ಅದಿರಲಿ ಬಿಡು, ಪೂಜೆ ಮಾಡಿರೋ ಹೂವು" ಎಂದರು. ಅವಳು ಬಿಟ್ಟಳು. ರಿಮೋಟನ್ನು ಪಟ್ಟಿಯಿಂದ ಕೊರಳಿಗೆ ನೇತುಹಾಕಿಕೊಂಡು, ಬ್ಯಾಟರಿ ಸಿಕ್ಕಿಸಿ, ರೆಕ್ಕೆಯ ವೇಗ ಏರಿಸುವ ಕಡ್ಡಿಯನ್ನು ಮೆಲ್ಲಗೆ ಮೇಲೆ ತಳ್ಳಿದಳು.

ಯಂತ್ರ ಮೊಣಕಾಲಿನಷ್ಟು ಎದ್ದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗಾಳಿಗೆ ಬಿಚ್ಚಿಕೊಂಡ ಮಲ್ಲಿಗೆ ದಾರ ಒಂದು ರೆಕ್ಕೆಗೆ ಸುತ್ತಿಕೊಂಡಿತು. ಯಂತ್ರ ವಾಲಿ ರಂಗೋಲಿಯ ಮೇಲೆ ಮಗುಚಿ ಬಿತ್ತು. ಸೌಂದರ್ಯಾ ಕಡ್ಡಿಯನ್ನು ಕೆಳಗೆ ಎಳೆದಳು. ಎಲ್ಲ ನಿಂತಿತು.

ಅಲ್ಲಿಗೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಗಳ ಯಂತ್ರ ಬಿದ್ದಿದೆ ಎಂದು ಬಸವಲಿಂಗಪ್ಪನವರು ಮಗುವನ್ನು ಎತ್ತುವ ಹಾಗೆ ಎತ್ತಲು ಬಗ್ಗಿದರು. "ಅಪ್ಪಾಜಿ, ಮುಟ್ಬೇಡಿ!" ಎಂದು ಸೌಂದರ್ಯಾ ಓಡಿದಳು. ಓಡುವಾಗ ಕೊರಳಲ್ಲಿದ್ದ ರಿಮೋಟಿನ ಕಡ್ಡಿಗೆ ಅವಳದೇ ಕೈ ತಗುಲಿತು. ನಿಂತ ರೆಕ್ಕೆಗಳು ಗಿರ್ರೆಂದು ತಿರುಗಿದವು. ಬಸವಲಿಂಗಪ್ಪನವರ ಬಲಗೈಯ ಎರಡು ಬೆರಳು ಸೀಳಿ ರಂಗೋಲಿಯೆಲ್ಲ ಕೆಂಪಾಯಿತು.

ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಬಸವಲಿಂಗಪ್ಪನವರ ಹೆಂಡತಿ ಗಿರಿಜಾದೇವಿ ಯಂತ್ರಕ್ಕೆ ಹಳೇ ಸೀರೆ ಸುತ್ತಿ ಅಟ್ಟದ ಮೇಲೆ, ದಸರಾ ಗೊಂಬೆಗಳ ಖಾಲಿ ಪೆಟ್ಟಿಗೆಯ ಪಕ್ಕ ತಳ್ಳಿದರು.

"ಇನ್ಮೇಲೆ ಈ ಮನೇಲಿ ಇದರ ಸುದ್ದಿ ಎತ್ತಬಾರದು. ಗುಜರಿಯೋನು ಬಂದ್ರೆ ಕೊಟ್ಬಿಡ್ತೀನಿ" ಎಂದರು.

ಸೌಂದರ್ಯಾಗೂ ಅದನ್ನು ನೋಡುವ ಧೈರ್ಯವಿರಲಿಲ್ಲ. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿನ್ನುವುದನ್ನು ಕಂಡಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಪಾಪ, ಎರಡು ವರ್ಷ ಕನಸು ಕಂಡು ಕಟ್ಟಿದ ಹುಡುಗಿ.

ಮೂರನೇ ದಿನ ಹಿಂದಿನ ಬೀದಿಯ ನೀಲಾಂಬಿಕಾ ಮೂಸಂಬಿ ತೆಗೆದುಕೊಂಡು ನೋಡಲು ಬಂದಳು. ಅವಳು ವಿಜಯನಗರದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಓದುವಾಗ ಎನ್‌ಸಿಸಿಯ ವಾಯುದಳದಲ್ಲಿದ್ದು ಮಾದರಿ ವಿಮಾನ ಹಾರಿಸುವುದನ್ನು ಕ್ರಮವಾಗಿ ಕಲಿತಿದ್ದಳು. ಈಗಲೂ ಭಾನುವಾರ ಬೆಳಿಗ್ಗೆ ಕೆಂಗೇರಿಯಾಚೆ ಒಂದು ಖಾಲಿ ಬಯಲಿನಲ್ಲಿ, ಜಾಗದವರನ್ನು ಕೇಳಿಕೊಂಡು, ನಾಲ್ಕೈದು ಜನರ ಜೊತೆ ಹಾರಿಸುತ್ತಿದ್ದಳು.

ಅವಳು ಕೇಳಿದ ಮೊದಲ ಮಾತೇ, "ಅವತ್ತು ಬ್ಯಾಟರಿ ಯಾರು ತೆಗೆದ್ರಿ?"

ಯಾರೂ ತೆಗೆದಿರಲಿಲ್ಲ. ನೀಲಾಂಬಿಕಾ ಸ್ಟೂಲು ಹಾಕಿಕೊಂಡು ಅಟ್ಟದಿಂದ ಯಂತ್ರವನ್ನು ಇಳಿಸಿದಳು. ಬ್ಯಾಟರಿಯ ತಂತಿ ಸಿಕ್ಕಿಸಿದ ಹಾಗೇ ಇತ್ತು. ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು.

"ನೋಡಿ, ಪೂರ್ತಿ ಖಾಲಿಯಾಗಿ ಉಬ್ಬಿದೆ. ಇದನ್ನ ಮತ್ತೆ ಚಾರ್ಜ್ ಮಾಡೋಕೆ ಹೋದ್ರೆ ಬೆಂಕಿ ಹತ್ಕೊಳ್ಳುತ್ತೆ. ಸೀರೆ ಬೇರೆ ಸುತ್ತಿದೀರಿ." ತಂತಿ ಬಿಡಿಸಿ ಬ್ಯಾಟರಿಯನ್ನು ಹೊರಗೆ ಹಿತ್ತಲಲ್ಲಿ, ಮರಳು ತುಂಬಿದ ಕುಂಡದಲ್ಲಿಟ್ಟು ಬಂದಳು. "ಇದನ್ನ ಕಸದ ಬುಟ್ಟಿಗೂ ಹಾಕ್ಬೇಡಿ. ಹೇಗೆ ವಿಲೇವಾರಿ ಮಾಡ್ಬೇಕೋ ನಾನು ನೋಡ್ಕೋತೀನಿ."

ಗಿರಿಜಾದೇವಿ ಎರಡು ಹೆಜ್ಜೆ ಹಿಂದೆ ಸರಿದರು. "ಅದಕ್ಕೇ ಹೇಳ್ತೀನಿ, ಇದು ಮನೇಲಿ ಇಟ್ಕೊಳ್ಳೋ ವಸ್ತುವೇ ಅಲ್ಲ!"

"ಆಂಟಿ, ಮಿಕ್ಸಿ ಜಾರೊಳಗೆ ಕೈ ಹಾಕೋಕೆ ಮುಂಚೆ ಏನ್ ಮಾಡ್ತೀರಿ?"

"ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೀತೀನಿ."

"ಇಲ್ಲಿ ಪ್ಲಗ್ ಅಂದ್ರೆ ಬ್ಯಾಟರಿ. ರೆಕ್ಕೆ ನಿಂತಿದೆ ಅಂತ ಮುಟ್ಟೋ ಹಾಗಿಲ್ಲ. ಹಾರಿಸೋವ್ರು ಕಡ್ಡಿ ಪೂರ್ತಿ ಕೆಳಗಿಳಿಸಿ, ತಾವೇ ಬಂದು ಬ್ಯಾಟರಿ ಬಿಡಿಸ್ಬೇಕು. ಆಮೇಲೆ ರಿಮೋಟ್ ಆಫ್. ಶುರು ಮಾಡುವಾಗ ಉಲ್ಟಾ, ಮೊದಲು ರಿಮೋಟ್, ಕಡೇಲಿ ಬ್ಯಾಟರಿ. ಮನೇಲಿ ರಿಪೇರಿ ಮಾಡ್ತಾ ಕೂತ್ರೆ ರೆಕ್ಕೆಗಳನ್ನೇ ಬಿಚ್ಚಿಡ್ಬೇಕು."

"ಮಿಕ್ಸಿ ಎದ್ದು ನನ್ನ ಮೇಲೆ ಹಾರಿ ಬರಲ್ಲ ಕಣಮ್ಮಾ."

ನೀಲಾಂಬಿಕಾಗೆ ನಗು ತಡೆಯಲಾಗಲಿಲ್ಲ. "ಅದೂ ನಿಜ. ಅದಕ್ಕೇ ಇದರಲ್ಲಿ ಕಲಿಯೋದು ಮಿಕ್ಸಿಗಿಂತ ಜಾಸ್ತಿ ಇದೆ."

ಆಮೇಲೆ ಅವಳು ಸೌಂದರ್ಯಾಳ ಕಡೆ ತಿರುಗಿದಳು. "ಜನರ ಮಧ್ಯೆ ಹಾರಿಸಬಾರದು, ದಾರ ಕಟ್ಟಬಾರದು ಅಂತ ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ನೀಲಕ್ಕ."

"ಮತ್ತೆ?"

ಸೌಂದರ್ಯಾ ತಲೆ ತಗ್ಗಿಸಿದಳು. "ಎಲ್ರ ಮುಂದೆ ಅಪ್ಪಾಜಿಗೆ ಹೇಗೆ ಆಗಲ್ಲ ಅನ್ನಲಿ..."

ಒಳಗಿನ ಕೋಣೆಯಲ್ಲಿ ಮಲಗಿದ್ದ ಬಸವಲಿಂಗಪ್ಪನವರಿಗೆ ಇದು ಕೇಳಿಸಿತು. ಹೊಲಿಗೆಗಿಂತ ಈ ಮಾತು ಅವರಿಗೆ ಹೆಚ್ಚು ನೋವು ಕೊಟ್ಟಿತು.

"ಹಾರಿಸೋದನ್ನ ನಾನು ಕಲಿಸ್ತೀನಿ" ಎಂದಳು ನೀಲಾಂಬಿಕಾ. "ಆದ್ರೆ 'ಇವತ್ತು ಹಾರಿಸಲ್ಲ' ಅನ್ನೋದಿದೆಯಲ್ಲ, ಅದೇ ಇದರಲ್ಲಿ ಕಷ್ಟದ ಪಾಠ. ಅದನ್ನ ನೀನೇ ಕಲೀಬೇಕು."

ಗಿರಿಜಾದೇವಿ ಒಪ್ಪಲಿಲ್ಲ. ಬಸವಲಿಂಗಪ್ಪನವರೇ ಹೊರಗೆ ಬಂದು, "ತಪ್ಪು ನಂದು ಗಿರಿಜಾ, ಅವಳ ಯಂತ್ರದ್ದಲ್ಲ" ಎಂದ ಮೇಲೆ ಆಕೆ ಒಪ್ಪಿ, ಒಂದು ಷರತ್ತು ಹಾಕಿದರು. ಪ್ರತಿ ಭಾನುವಾರ ತಾವೂ ಜೊತೆಗೆ ಹೋಗುವುದು. ಇನ್ನೊಂದು ಸಲ ಯಾರಿಗಾದರೂ ಒಂದು ಗೀರು ಬಿದ್ದರೆ ಯಂತ್ರ ನೇರ ಗುಜರಿಗೆ.

ಹಾಗೆ ಕಲಿಕೆ ಶುರುವಾಯಿತು. ಬಯಲಿನ ಅಂಚಿನಲ್ಲಿ ಒಂದು ಬಿದಿರು ಕೋಲು ನೆಟ್ಟು, ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿದ್ದರು. ಒಂದೊಂದು ಕ್ಲಿಪ್ಪಿನ ಮೇಲೆ ಒಂದೊಂದು ನಂಬರು. ಗಿರಿಜಾದೇವಿ ಏನೆಂದು ಕೇಳಿದರು.

"ಆಂಟಿ, ಪ್ರತಿ ರಿಮೋಟಿಗೂ ಒಂದು ಚಾನೆಲ್ ನಂಬರ್ ಇರುತ್ತೆ. ಒಂದೇ ನಂಬರಿನ ಎರಡು ರಿಮೋಟ್ ಒಟ್ಟಿಗೆ ಆನ್ ಆದ್ರೆ ಹಾರ್ತಿರೋದು ದಿಕ್ಕು ತಪ್ಪಿ ಬೀಳುತ್ತೆ. ಅದಕ್ಕೆ, ಆ ನಂಬರಿನ ಕ್ಲಿಪ್ಪು ಯಾರ ಅಂಗಿ ಮೇಲಿದೆಯೋ ಅವ್ರು ಮಾತ್ರ ಆನ್ ಮಾಡ್ಬೇಕು."

"ಇದೊಂದು ಒಳ್ಳೇ ಪದ್ಧತಿ" ಎಂದರು ಗಿರಿಜಾದೇವಿ. ಮುಂದಿನ ಭಾನುವಾರ ಮುರಿದ ಕ್ಲಿಪ್ಪುಗಳ ಬದಲಿಗೆ ತಮ್ಮ ಮನೆಯ ಹೊಸ ಕ್ಲಿಪ್ಪುಗಳನ್ನೇ ತಂದರು. ಆದರೆ ಮುಖದ ಬಿಗಿ ಸಡಿಲವಾಗಲಿಲ್ಲ.

ಹೊಸ ಬ್ಯಾಟರಿಯನ್ನು ಎದುರಿಗೇ ಕೂತು ಚಾರ್ಜ್ ಮಾಡುವುದರಿಂದ ಪಾಠ ಆರಂಭ. ಹೊರಡುವ ಮುಂಚೆ ಪ್ರತಿ ಸ್ಕ್ರೂ ಮುಟ್ಟಿ ನೋಡುವುದು, ಬಿರುಕು ಬಿಟ್ಟ ರೆಕ್ಕೆ ಬಿಸಾಡುವುದು. ಎಲ್ಲರೂ ಹಾರಿಸುವವಳ ಬೆನ್ನ ಹಿಂದೆ ದೂರ ನಿಲ್ಲುವುದು. ಮೊದಲು ಮೊಣಕಾಲಿನಷ್ಟೇ ಎತ್ತರ, ಒಂದೇ ಕಡೆ ನಿಲ್ಲಿಸಿ ಇಳಿಸುವುದು, ಮತ್ತೆ ಎತ್ತುವುದು. ಸೌಂದರ್ಯಾಗೆ ಬೇಜಾರು ಬರುವಷ್ಟು ಸಲ ಅದನ್ನೇ ಮಾಡಿಸಿದಳು ನೀಲಾಂಬಿಕಾ. ಯಂತ್ರದ ಬಾಲ ತನ್ನ ಕಡೆ ಇರುವಾಗ ಎಲ್ಲ ಸುಲಭ. ಮುಖ ತನ್ನ ಕಡೆ ತಿರುಗಿತೋ, ಎಡಕ್ಕೆ ತಳ್ಳಿದರೆ ಕಣ್ಣಿಗೆ ಬಲಕ್ಕೆ ಹೋಗುತ್ತಿತ್ತು. ಎರಡು ಸಲ ಹುಲ್ಲಿಗೆ ಕೆಡವಿದಳು.

"ಕನ್ನಡಿ ನೋಡ್ಕೊಂಡು ಬೈತಲೆ ತೆಗೆಯೋ ಹಾಗೆ ಕಣೇ. ಕೈ ಅಭ್ಯಾಸ ಆಗ್ಬೇಕು, ಅಷ್ಟೇ" ಎಂದು ಕೊಡೆಯ ಕೆಳಗಿಂದ ಒಂದು ದನಿ ಬಂತು. ಗಿರಿಜಾದೇವಿ! ಯಾವುದು ಮುಖ ಎಂದು ತಿಳಿಯಲು ಮುಂದಿನ ಎರಡು ತೋಳಿಗೆ ಗುರುತು ಬೇಕು ಎಂದು ನೀಲಾಂಬಿಕಾ ಹೇಳಿದಾಗಲೂ ಅವರೇ, "ರಿಬ್ಬನ್ ಗಿಬ್ಬನ್ ಬೇಡ, ಕೆಂಪು ಟೇಪ್ ಅಂಟಿಸು" ಎಂದರು. ಮಲ್ಲಿಗೆ ದಾರವನ್ನು ಅವರು ಮರೆತಿರಲಿಲ್ಲ.

ಇತ್ತ ನವೆಂಬರ್ ಒಂದು ಹತ್ತಿರ ಬಂತು. ರಾಜ್ಯೋತ್ಸವದಲ್ಲಿ ಸೌಂದರ್ಯಾಳ ಯಂತ್ರ ತಾಯಿ ಭುವನೇಶ್ವರಿಯ ಚಿತ್ರಕ್ಕೆ ಮೇಲಿನಿಂದ ಹೂ ಹಾಕುತ್ತದೆ ಎಂದು ಬಸವಲಿಂಗಪ್ಪನವರು ಆಯುಧಪೂಜೆಗೂ ಮುಂಚೆಯೇ ರಾಚಪ್ಪನವರಿಗೆ ಮಾತು ಕೊಟ್ಟುಬಿಟ್ಟಿದ್ದರು. ಸೌಂದರ್ಯಾ ಹೋಗಿ ಕಾರ್ಯಕ್ರಮದ ಮೈದಾನ ನೋಡಿದಳು. ಒಂದು ಮೂಲೆ ಪೂರ್ತಿ ಖಾಲಿ ಬಿಟ್ಟು, ಹಗ್ಗ ಕಟ್ಟಿ, ಚಿತ್ರವನ್ನೂ ಅಲ್ಲೇ ಇಟ್ಟರೆ ಮಾತ್ರ ಹಾರಿಸುತ್ತೇನೆ ಎಂದಳು. "ಅದಕ್ಕೇನಂತೆ, ಬಿಡಮ್ಮ" ಎಂದರು ರಾಚಪ್ಪ.

ರಾಜ್ಯೋತ್ಸವದ ದಿನ ಹೋಗಿ ನೋಡಿದರೆ ಆ ಮೂಲೆಯ ತುಂಬ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ತುಂಬ ಜನ. ಚಿತ್ರ ವೇದಿಕೆಯ ಮೇಲೆ. ಕಂಬದಿಂದ ಕಂಬಕ್ಕೆ ಹಳದಿ ಕೆಂಪು ಬಾವುಟದ ದಾರ. ಮಕ್ಕಳು ಕಾಲಿಗೆ ಸಿಕ್ಕುವ ಹಾಗೆ ಓಡಾಡುತ್ತಿದ್ದರು. ಮೈಕಿನಲ್ಲಿ ಆಗಲೇ ಕೂಗಿಯಾಗಿತ್ತು, 'ನಮ್ಮ ಬಡಾವಣೆಯ ಹೆಮ್ಮೆಯ ಪುತ್ರಿ ಈಗ ಪುಷ್ಪವೃಷ್ಟಿ ಮಾಡಲಿದ್ದಾರೆ' ಎಂದು.

ಎಲ್ಲರ ಕಣ್ಣೂ ಮತ್ತೆ ಸೌಂದರ್ಯಾಳ ಮೇಲೆ. ಅವತ್ತಿನ ಹಾಗೆಯೇ.

"ಅಂಕಲ್, ಜಾಗ ಬಿಡ್ತೀನಿ ಅಂದಿದ್ರಿ."

"ಜನ ಜಾಸ್ತಿ ಬಂದ್ಬಿಟ್ರಮ್ಮ, ಏನ್ ಮಾಡ್ಲಿ. ಎರಡೇ ನಿಮಿಷ. ಹಂಗೆ ಹೋಗಿ ಹಿಂಗೆ ಬಂದ್ರೆ ಆಯ್ತು."

"ಇಲ್ಲ ಅಂಕಲ್. ಇವತ್ತು ಹಾರಿಸಲ್ಲ."

ದನಿ ನಡುಗುತ್ತಿತ್ತು. ಆದರೆ ಮಾತು ಹೊರಗೆ ಬಂದಿತ್ತು.

ರಾಚಪ್ಪನವರ ಮುಖ ಸಣ್ಣಗಾಯಿತು. ಅವರು ಬಸವಲಿಂಗಪ್ಪನವರ ಕಡೆ ತಿರುಗಿದರು. "ಸಾರ್, ಮಾತು ಕೊಟ್ಟಿದ್ದು ನೀವು. ನೀವಾದ್ರೂ ಹೇಳಿ. ನಿಮ್ಮ ಮಾತು ಮೀರ್ತಾಳಾ?"

ಬಸವಲಿಂಗಪ್ಪನವರು ಬಲಗೈ ಎತ್ತಿದರು. ಗಾಯ ಮಾಗಿತ್ತು, ಆದರೆ ಒಂದು ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. "ಅವತ್ತು ಮೀರಲಿಲ್ಲ ರಾಚಪ್ನೋರೇ, ಅದಕ್ಕೇ ಹಿಂಗಾಯ್ತು. ಅವಳು ಇಲ್ಲ ಅಂದ್ರೆ ಇಲ್ಲ. ಆ ಹೂವು ಇಲ್ಲಿ ಕೊಡಿ."

ಹೂವಿನ ಬುಟ್ಟಿ ತೆಗೆದುಕೊಂಡು ವೇದಿಕೆ ಹತ್ತಿ, ಆ ಮಡಚದ ಬೆರಳಿನ ಕೈಯಿಂದಲೇ ತಾಯಿ ಭುವನೇಶ್ವರಿಗೆ ಹೂ ಹಾಕಿ ಕೈ ಮುಗಿದರು. ಹಿಂದಿನಿಂದ ಯಾರೋ ಹುಡುಗರು, "ಬರೀ ಬಿಲ್ಡಪ್ಪು ಮಚ್ಚಾ" ಎಂದು ಸಿಳ್ಳೆ ಹೊಡೆದರು.

ಮನೆಗೆ ಬರುವಾಗ ಸೌಂದರ್ಯಾ ದಾರಿಯುದ್ದಕ್ಕೂ ಅತ್ತಳು. "ಎಲ್ರೂ ನಕ್ರು ಅಮ್ಮ."

"ನಗಲಿ ಬಿಡು. ನಕ್ಕಿದ್ದಕ್ಕೆ ಯಾರಿಗೂ ಹೊಲಿಗೆ ಹಾಕಿಸ್ಬೇಕಾಗಿಲ್ಲ" ಎಂದರು ಗಿರಿಜಾದೇವಿ. ಸೆರಗಿನಿಂದ ಮಗಳ ಕಣ್ಣು ಒರೆಸಿದರು. "ಇಷ್ಟು ದಿನ ನಂಗೆ ಆ ಯಂತ್ರದ ಮೇಲೆ ಭಯ ಇರಲಿಲ್ಲ ಕಣೇ, ನಿನ್ನ ಮೇಲಿತ್ತು. ಯಾರು ಹೇಳಿದ್ರೂ ಹೂಂ ಅಂದ್ಬಿಡ್ತೀಯ ಅಂತ. ಇವತ್ತು ಆ ಭಯ ಹೋಯ್ತು. ಇನ್ನು ಗುಜರಿಯೋನಿಗೆ ಕೊಡಲ್ಲ."

ಮುಂದಿನ ಭಾನುವಾರ ಕೆಂಗೇರಿ ಬಯಲಿನಲ್ಲಿ ಗಾಳಿ ಇರಲಿಲ್ಲ, ಜನ ಇರಲಿಲ್ಲ, ತಲೆಯ ಮೇಲೆ ಒಂದು ತಂತಿಯೂ ಇರಲಿಲ್ಲ. ಗಿರಿಜಾದೇವಿ ತಾವೇ ಕೋಲಿನಿಂದ ಕ್ಲಿಪ್ಪು ತೆಗೆದು ಮಗಳ ದುಪಟ್ಟಾಕ್ಕೆ ಸಿಕ್ಕಿಸಲು ಹೋದರು. ಆಮೇಲೆ ಏನೋ ಹೊಳೆದು, ಮೊದಲು ದುಪಟ್ಟಾವನ್ನು ಬಿಗಿಯಾಗಿ ಸೊಂಟಕ್ಕೆ ಕಟ್ಟಿ, ಕ್ಲಿಪ್ಪನ್ನು ಕುರ್ತಾದ ಕಾಲರಿಗೆ ಹಾಕಿದರು. ಯಂತ್ರ ಎದ್ದಿತು. ಮೊಣಕಾಲು ದಾಟಿ, ತಲೆ ದಾಟಿ, ಬಯಲಿನ ಮೇಲೆ ಒಂದು ಸುತ್ತು ಹೋಗಿ ಬಂದು ಮೆಲ್ಲಗೆ ಹುಲ್ಲಿನ ಮೇಲೆ ಕೂತಿತು. ಆಯುಧಪೂಜೆಯ ಆ ಒಂದು ಸುತ್ತು ಅವತ್ತು ಪೂರ್ತಿಯಾಯಿತು.

ಬಸವಲಿಂಗಪ್ಪನವರು ಸಂತೋಷ ತಾಳಲಾರದೆ ಎರಡು ಹೆಜ್ಜೆ ಮುಂದೆ ಇಟ್ಟರು.

"ರೀ, ನಿಂತ್ಕೊಳ್ಳಿ ಅಲ್ಲೇ!" ಎಂದರು ಗಿರಿಜಾದೇವಿ. "ಸೌಂದರ್ಯಾ, ಬ್ಯಾಟರಿ ತೆಗೆದ್ಯಾ?"

ಬಸವಲಿಂಗಪ್ಪನವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಮಗಳು ಬ್ಯಾಟರಿ ಬಿಡಿಸಿ ಎತ್ತಿ ತೋರಿಸುವವರೆಗೂ ಅಲುಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥದೊಂದು ಯಂತ್ರ ಬಂದಿರಬಹುದು, ನಾಳೆ ಬರಬಹುದು. ಬೇಡ ಎಂದು ಅಟ್ಟಕ್ಕೆ ಹಾಕಬೇಡಿ, ಮಕ್ಕಳು ಕಲಿಯಲಿ. ಬಲ್ಲವರ ಹತ್ತಿರ, ಬಯಲಿನಲ್ಲಿ, ಜಾಗದವರನ್ನೂ ಅಲ್ಲಿನ ನಿಯಮವನ್ನೂ ಕೇಳಿಕೊಂಡು ಕಲಿಯಲಿ. ತಾರಸಿಯ ಮೇಲೆ, ಬೀದಿಯಲ್ಲಿ, ಜನರ ತಲೆಯ ಮೇಲೆ, ಕರೆಂಟು ತಂತಿಯ ಹತ್ತಿರ ಬೇಡ. ಪೂಜೆ ಮಾಡುವುದಾದರೆ ಬ್ಯಾಟರಿ ಹೊರಗಿಟ್ಟು ಮಾಡಿ, ಹೂವನ್ನು ಅದರ ಮುಂದೆ ಇಡಿ, ಮೇಲೆ ಕಟ್ಟಬೇಡಿ. ಬಿದ್ದರೆ ಬೀಳಲಿ, ಬ್ಯಾಟರಿ ಬಿಡಿಸುವವರೆಗೆ ಯಾರೂ ಮುಟ್ಟಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ಹಾರಿಸುವ ಮಗು "ಇವತ್ತು ಹಾರಿಸಲ್ಲ" ಎಂದರೆ, ಎದುರಿಗೆ ಎಷ್ಟೇ ಜನ ಕಾದಿದ್ದರೂ, "ಆಯ್ತು ಕಂದಾ, ಬೇಡ" ಎಂದುಬಿಡಿ.