ವಸಡಿನ ನೆಪ

ನಾಲ್ಕು ವರ್ಷ ಸಿದ್ದೇಶನ ಮಾನ ಕಾಪಾಡಿದ್ದು ಅವನ ಹೆಂಡತಿಯ ಕೊಳೆತ ವಸಡು.

ರಾಜೀವನಗರದ ಆ ವಠಾರದಲ್ಲಿ ಭಾನುಪ್ರಿಯಾಳ ಸೆರಗಿನಲ್ಲೋ ತುಟಿಯಂಚಿನಲ್ಲೋ ರಕ್ತ ಕಂಡಾಗಲೆಲ್ಲ ಪಕ್ಕದ ಮನೆಯ ಚೆಲುವಮ್ಮ, "ಏನವ್ವಾ ಇದು?" ಅಂತ ಕೇಳುತ್ತಿದ್ದಳು. "ವಸಡು ಕಣಕ್ಕಾ, ಹಲ್ಲುಜ್ಜುದ್ರೆ ಸಾಕು ಸುರೀತದೆ" ಅನ್ನುತ್ತಿದ್ದಳು ಭಾನು. ಅರ್ಧ ನಿಜ. ವಸಡು ಊದಿಕೊಂಡಿತ್ತು, ಬಾಯಿ ವಾಸನೆ ಹೊಡೆಯುತ್ತಿತ್ತು, ಸೀಬೆಕಾಯಿ ಕಚ್ಚಿದರೆ ಕಾಯಿಯ ಮೇಲೆ ಕೆಂಪು ಉಳಿಯುತ್ತಿತ್ತು. ಉಳಿದರ್ಧ, ಗೂಡ್ಸ್ ಆಟೋ ಓಡಿಸುವ ಗಂಡನ ಕೈ. ಸಾರಿಗೆ ಉಪ್ಪು ಜಾಸ್ತಿಯಾದರೆ ಒಂದು ಏಟು, ಕಮ್ಮಿಯಾದರೆ ಎರಡು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವರ ಮೂತಿಗೆ ಯಾರೂ ಗುದ್ದಿರಲಿಲ್ಲ ಅಂತ ಕಾಣುತ್ತದೆ.

ಅತ್ತೆ ಸೋಮಮ್ಮನದು ಬೇರೆಯೇ ವೈದ್ಯ. "ರಕ್ತ ಬರೋ ಬಾಯ್ಗೆ ಬ್ರಷ್ ಹಾಕ್ಬ್ಯಾಡ. ಹೊಗೆಸೊಪ್ಪಿನ ಪುಡಿ ತಿಕ್ಕು, ಗಟ್ಟಿಯಾಯ್ತದೆ." ಭಾನು ಬ್ರಷ್ ಬಿಟ್ಟಳು, ಪುಡಿ ತಿಕ್ಕಿದಳು. ವಸಡು ಇನ್ನಷ್ಟು ಕೊಳೆಯಿತು.

ಅವಳು ಕೆಲಸ ಮಾಡುವ ಕಡಕೊಳದ ಪ್ಯಾಕಿಂಗ್ ಕಾರ್ಖಾನೆಗೆ ಒಮ್ಮೆ ಹಲ್ಲಿನ ತಪಾಸಣೆಗೆಂದು ಡಾಕ್ಟರ್ ಸಂಘಮಿತ್ರ ಬಂದರು. ಸಿದ್ಧಾರ್ಥನಗರದಲ್ಲಿ ಅವರ ಕ್ಲಿನಿಕ್ಕು. ವಸಡಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿ ಅಳೆದು, "ಪಾಚಿ ಕಟ್ಟಿ ಕಲ್ಲಾಗಿದೆ. ಅದು ಒಳಗೊಳಗೇ ಮೂಳೆ ತಿಂತಾ ಇದೆ. ರಕ್ತ ಬರುತ್ತೆ ಅಂತ ಬ್ರಷ್ ಬಿಡಬಾರದು ಕಣಮ್ಮ, ರಕ್ತ ಬರ್ತಿದೆ ಅನ್ನೋದಕ್ಕೇ ದಿನಕ್ಕೆರಡು ಸಲ ಮೆತ್ತಗೆ ಉಜ್ಜಬೇಕು" ಅಂದರು.

ಮನೆಯಲ್ಲಿ ಹೇಳಿದಾಗ ಸಿದ್ದೇಶ ನಕ್ಕ. "ಕ್ಲೀನಿಂಗ್ ಮಾಡ್ಸುದ್ರೆ ಇರೋ ಹಲ್ಲೂ ಅಲ್ಲಾಡ್ತವೆ. ಹೋದ್ರೆ ಕಾಲ್ ಮುರೀತೀನಿ."

ಅವಳು ಹೋದಳು. ಕದ್ದು, ಶಿಫ್ಟ್ ಮುಗಿಸಿಕೊಂಡು, ನಾಲ್ಕು ಸಲ. ಕಲ್ಲು ಕೆರೆಸಿಕೊಂಡಳು, ಹೊಗೆಸೊಪ್ಪಿನ ಪುಡಿ ಎಸೆದಳು, ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ಷನ್ನು ಬಚ್ಚಲಿನ ಗೂಡಿನಲ್ಲಿ ಸೋಪಿನ ಹಿಂದೆ ಬಚ್ಚಿಟ್ಟಳು. ಮೂರು ತಿಂಗಳಲ್ಲಿ ವಸಡು ಬಿಗಿಯಾಯಿತು, ಉಗಿದರೆ ಬಿಳಿ ನೊರೆ ಮಾತ್ರ. ಎಷ್ಟು ಖುಷಿಯಾಗಿತ್ತೆಂದರೆ ಕನ್ನಡಿ ಮುಂದೆ ನಿಂತು ಸುಮ್ಮಸುಮ್ಮನೆ ಹಲ್ಲು ಕಿರಿಯುತ್ತಿದ್ದಳು. ವಸಡು ವಾಸಿಯಾದರೆ ನೆಪಕ್ಕೇನು ಗತಿ ಅನ್ನುವುದು ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ಸೋಮವಾರ ಬೆಳಿಗ್ಗೆ ಸೋಪು ಹುಡುಕಿದ ಸಿದ್ದೇಶನ ಕೈಗೆ ಆ ಬ್ರಷ್ಷು ಸಿಕ್ಕಿತು.

"ಇದೇನೇ ಇದು? ಬ್ಯಾಡ ಅಂದ್ರೂ ಹೋಗಿದ್ದೀಯಾ?"

"ವಾಸಿಯಾಗೋಯ್ತು ಕಣ್ರೀ, ನೋಡಿ..." ಅಂತ ಬಾಯಿ ತೆರೆದಳು. ತೋರಿಸೋಣ ಅಂತಲೇ ತೆರೆದಳು, ಹುಚ್ಚಿ. ಅವನು ಜಡೆ ಹಿಡಿದು ಬಚ್ಚಲಿನ ಬಾಗಿಲ ಚೌಕಟ್ಟಿಗೆ ಅವಳ ಮುಖ ಅಪ್ಪಳಿಸಿದ. ಒಮ್ಮೆಗೆ ತುಟಿ ಸೀಳಿತು. ಎರಡನೇ ಸಲಕ್ಕೆ ಬಾಯೊಳಗೆ ಏನೋ ಲಟಕ್ಕೆಂದಿತು. ಕುಸಿದವಳ ಪಕ್ಕೆಗೆ ಒದ್ದ. ಮತ್ತೆ ಒದ್ದ. ಮೇಲಿನ ಮುಂದಿನ ಹಲ್ಲು ಬೇರು ಸಮೇತ ಬಚ್ಚಲ ಕಲ್ಲಿನ ಮೇಲೆ ಬಿದ್ದಿತ್ತು.

ಕಿರುಚಾಟ ಕೇಳಿ ಚೆಲುವಮ್ಮ ಓಡಿ ಬರುವಷ್ಟರಲ್ಲಿ ಸೋಮಮ್ಮ ಬಾಗಿಲಲ್ಲಿ ನಿಂತಾಗಿತ್ತು. "ಅದೇ ವಸಡು ಕಣವ್ವ. ಕದ್ದು ಕ್ಲೀನಿಂಗ್ ಮಾಡ್ಸ್ಕೊಂಡವ್ಳೆ, ಹಲ್ಲು ಉದುರ್ಬುಡ್ತು."

"ಅಯ್ಯೋ, ಪಾಪ, ನಾಕ್ ವರ್ಷದಿಂದ ಹೇಳ್ತಾನೇ ಇದ್ಲು" ಅಂದಳು ಚೆಲುವಮ್ಮ, ಸತ್ಯವಾಗಿಯೂ ನಂಬಿ. ನೆಲದ ಮೇಲಿದ್ದ ಭಾನುವಿಗೆ ಒದೆಗಿಂತ ಆ ಮಾತು ಜೋರಾಗಿ ತಾಗಿತು. ಬಿಟ್ಟಿಯಾಗಿ ಸಾಕ್ಷಿ ಹೇಳಿ ಹೇಳಿ ಗಂಡನನ್ನು ಉಳಿಸಿದ್ದು ತಾನೇ ಅಲ್ಲವೇ? ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಚೆಲುವಮ್ಮ ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ಭಾನು ಹೇಳಿದಂತೆ ಸಂಘಮಿತ್ರರ ಕ್ಲಿನಿಕ್ಕಿಗೇ ಆಟೋ ಕರೆದಳು. ಹೆಂಡತಿ ಬಾಯಿಬಿಟ್ಟಾಳೆಂದು ಸಿದ್ದೇಶನೂ ಹತ್ತಿದ. ಕ್ಲಿನಿಕ್ಕಿನಲ್ಲಿ ಚೆಲುವಮ್ಮ ಹೊರಗೆ ಬೆಂಚಿನ ಮೇಲೆ ಕೂತಳು, ಅವನು ಒಳಗೂ ಬಂದು ಹೆಂಡತಿಯ ಭುಜ ಹಿಸುಕಿ ಹಿಡಿದು ನಿಂತ.

"ನೀವೇ ಮಾಡಿದ್ದು ಇದು ಮೇಡಂ. ಕೆರೆದೂ ಕೆರೆದೂ ಸಡ್ಲ ಮಾಡ್ಬುಟ್ರಿ. ನಿಮ್ ಮೇಲೆ ಕಂಪ್ಲೇಂಟ್ ಕೊಡ್ತೀನಿ, ಈ ಅಂಗ್ಡಿ ಬಾಗ್ಲು ಹಾಕುಸ್ತೀನಿ."

ಡಾಕ್ಟರು ಕೈಗವಸು ಹಾಕಿಕೊಂಡರು. ರಕ್ತ ಒರೆಸಿ, ಉಳಿದ ಹಲ್ಲುಗಳ ವಸಡನ್ನು ಒಂದೊಂದಾಗಿ ಕಡ್ಡಿ ಇಳಿಸಿ ನೋಡಿದರು. ಎಲ್ಲೂ ಹನಿ ರಕ್ತವಿಲ್ಲ. ಬಿದ್ದ ಹಲ್ಲನ್ನು ದೀಪಕ್ಕೆ ಹಿಡಿದರು.

"ಬೇರಿಗೆ ಮೂಳೆಯ ಚೂರು ಅಂಟಿದೆ. ಸಡಿಲವಾಗಿ ಉದುರೋ ಹಲ್ಲು ಮೂಳೆ ಕಿತ್ಕೊಂಡು ಬರಲ್ಲ" ಅಂದು ಭಾನುವಿನ ಕಡೆ ತಿರುಗಿದರು. "ಏಟು ಅಂತ ನಾನು ಬರೀತೀನಿ. ಯಾರ ಏಟು ಅನ್ನೋದು ನೀವು ಹೇಳ್ಬೇಕು. ಪೊಲೀಸ್ ಠಾಣೆಗೂ ತಿಳಿಸ್ತೀನಿ."

ಭುಜದ ಮೇಲಿನ ಬೆರಳುಗಳು ಮೂಳೆಯ ತನಕ ಇಳಿದವು. ಭಾನು ತಲೆ ತಗ್ಗಿಸಿದಳು. ತಾನು ಬಾಯಿ ಮುಚ್ಚಿಕೊಂಡರೆ ಈ ತಾಯಿಯ ಮೇಲೆ ಅಪವಾದ. ಬಾಯಿಬಿಟ್ಟರೆ ಇವತ್ತು ಮನೆಯಿಲ್ಲ.

"ಹೇಳೇ, ವಸಡು ಅಂತ!" ಸಿದ್ದೇಶ ಗುಡುಗಿದ.

"ವಸಡು ಚೆನ್ನಾಗೇ ಅದೆ" ಅಂದಳು ಅವಳು.

ಅವನ ಕೈ ಮೇಲೆದ್ದಿತು. ಡಾಕ್ಟರ ಎದುರಿಗೇ, ಹೊಲಿಗೆ ಹಾಕದ ಆ ಬಾಯಿಗೇ ಬಾರಿಸಿದ. ಟ್ರೇ ಉರುಳಿ ಸಾಮಾನೆಲ್ಲ ಚೆಲ್ಲಾಡಿತು. ಕ್ಲಿನಿಕ್ಕಿನ ಆಳು ಚಾಮಯ್ಯ ನುಗ್ಗಿ ಬಂದು ಅವನ ಕೊರಳಪಟ್ಟಿ ಹಿಡಿದು, ಗೋಡೆಗೊಮ್ಮೆ ಗುದ್ದಿಸಿ, ದರದರ ಎಳೆದುಕೊಂಡು ಹೋಗಿ ಬೀದಿಗೆ ನೂಕಿದ. ಡಾಕ್ಟರು ಪೆನ್ನು ಎತ್ತಿಕೊಂಡರು.

"ಬರ್ಕೊಳ್ಳಿ ಮೇಡಂ" ಅಂದಳು ಭಾನುಪ್ರಿಯಾ. ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ನುಗ್ಗಿ ಮಾತು ಒಡೆಯುತ್ತಿತ್ತು. "ನನ್ ಗಂಡ ಹೊಡ್ದ. ನಾಕ್ ವರ್ಷದಿಂದ ಹೊಡೀತಾವ್ನೆ."

ಡಾಕ್ಟರು ಬರೆದು ಮುಗಿಸಿದರು.

"ಈಗ ಓದಿ ಮೇಡಂ. ಗಟ್ಟಿಯಾಗಿ ಓದಿ. ಹೊರ್ಗಡೆ ನಮ್ ಚೆಲುವಕ್ಕ ಕೂತವ್ಳೆ, ಅವ್ಳ್ಗೆ ಕೇಳ್ಬೇಕು."