ಎಂಟಡಿ ಬೇಲಿಯ ಓರೆ ಕಂಬಿಗಳು

ಕಂಬಿ ಎಣಿಸುವುದು ಬೇರೆಯವರ ಮನೆಯಲ್ಲಿ ಮಾನ ಹೋಗುವ ವಿಚಾರ. ನಮ್ಮ ಮನೆಯಲ್ಲಿ ಅದೇ ಕಸುಬು. ನನ್ನ ಹೆಂಡತಿ ವೆಲ್ಡರ್. ಊರಿನ ಮುಕ್ಕಾಲು ಪಾಲು ಗೇಟು, ಕಿಟಕಿ, ಬೇಲಿ ಅವಳ ಕೈಯಲ್ಲಿ ಹುಟ್ಟಿದವು. ಊರು ಅವಳನ್ನು ಕಿಡಿಯಕ್ಕ ಎನ್ನುತ್ತದೆ. ನಾನು ಕಿಡಿಯಕ್ಕನ ಗಂಡ. ಅವಳು ಬೆಸೆಯುತ್ತಾಳೆ, ನಾನು ಎಣಿಸುತ್ತೇನೆ.

ಇಂಥವಳ ವರ್ಕ್‌ಶಾಪಿನ ಸುತ್ತ ಇದ್ದದ್ದು ಮಾತ್ರ ಅವಳಪ್ಪನ ಕಾಲದ ಐದಡಿ ತಂತಿಬಲೆ. ಒಂದೇ ವರ್ಷದಲ್ಲಿ ಕಳ್ಳರು ಎರಡು ಸಲ ಅದನ್ನು ಹಾರಿದರು. ಮೊದಲ ಸಲ ಕೇಬಲ್ಲು ಹೋಯಿತು. ಎರಡನೆಯ ಸಲ, ಮಾರನೇ ದಿನ ಗಿರಾಕಿಗೆ ಕೊಡಬೇಕಿದ್ದ ಗೇಟೇ ಹೋಯಿತು.

ಮೊದಲು ನಕ್ಕವಳು ನನ್ನ ಅಮ್ಮ. "ಊರಿಗೆಲ್ಲ ಬಾಗಿಲು ಮಾಡಿಕೊಡ್ತೀಯಲ್ಲ ತಾಯಿ, ನಿನ್ನ ಬಾಗಿಲೇ ಎದ್ದು ಹೋಯ್ತಲ್ಲ!"

"ನಗಿ ಅತ್ತೆ, ನಗಿ. ಗೇಟು ಚೆನ್ನಾಗಿತ್ತು, ಅದಕ್ಕೇ ಕದ್ರು."

ಅಷ್ಟರಲ್ಲಿ ಹೊಸ ಆಸ್ಪತ್ರೆಯ ಮುಂಬಾಗಿಲಿನ ಗೇಟಿನ ಕೆಲಸ ಬಂತು. ಇಪ್ಪತ್ತಡಿ ಅಗಲ. ಅಷ್ಟು ದೊಡ್ಡದನ್ನು ಅವಳಪ್ಪನೂ ಮಾಡಿರಲಿಲ್ಲ. ಆದರೆ ಕಳ್ಳತನದ ಸುದ್ದಿ ಆಸ್ಪತ್ರೆಯ ಎಂಜಿನಿಯರಿಗೂ ಮುಟ್ಟಿತ್ತು. "ಎಂಟಡಿ ಬೇಲಿ ಹಾಕ್ಸಿ, ಕೆಲಸ ನಿಮ್ದೇ. ತಿಂಗಳ ಕೊನೇವರೆಗೆ ಕಾಯ್ತೀನಿ. ಆಮೇಲೆ ಬೇರೆಯವರನ್ನ ನೋಡ್ಕೋತೀನಿ," ಎಂದುಬಿಟ್ಟ.

ವರ್ಕ್‌ಶಾಪು ಇರುವುದು ನಮ್ಮ ಬೀದಿಗೆ ಅಡ್ಡರಸ್ತೆ ಸೇರುವ ಮೂಲೆಯಲ್ಲಿ. ಬೀದಿ ವಾಸದ ವಲಯ. ಅಲ್ಲಿ ಬೇಲಿಗೆ ಐದೇ ಅಡಿ. ಮೇಲಿನ ಮೂರಡಿಗೆ ಯೋಜನಾ ಕಚೇರಿಯ ವಿಶೇಷ ಅನುಮತಿ ಬೇಕು. ಅರ್ಜಿ ಬರೆದವನು ನಾನು, ನಕ್ಷೆ ಬರೆದವನೂ ನಾನೇ. ಹೆಂಡತಿಯ ಬೇಲಿ ಎದ್ದು ಕಾಣಲಿ ಎಂದು ದಪ್ಪ ಮಾರ್ಕರಿನಲ್ಲಿ ಮೂಲೆಯ ಸುತ್ತ ಕಪ್ಪು ಗೆರೆ ಎಳೆದೆ. ಎದ್ದು ಕಂಡಿತು, ಬಿದ್ದು ಹೋಯಿತು. ಹತ್ತೇ ದಿನದಲ್ಲಿ ಉತ್ತರ: 'ತಿರುವಿನಲ್ಲಿ ಎಂಟಡಿ ಗೋಡೆ ಕಟ್ಟಿದರೆ ವಾಹನದವರಿಗೆ ಅಡ್ಡರಸ್ತೆ ಕಾಣುವುದಿಲ್ಲ. ಅರ್ಜಿ ತಿರಸ್ಕರಿಸಲಾಗಿದೆ.'

"ಗೋಡೆನಾ?" ಕಿಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಕ್ಷೇಲಿ ದಪ್ಪ ಗೆರೆ ಅಂದ್ರೆ ಗೋಡೆ ಅಂತೆ ಕಣೆ."

"ರೀ, ನಿಮ್ಮ ಪ್ರೀತೀನ ಸ್ವಲ್ಪ ತೆಳ್ಳಗೆ ಎಳೀಬಾರದಿತ್ತಾ?"

ಮರುಪರಿಶೀಲನೆಗೆ ಅವಳು ಕಾಗದ ಮುಟ್ಟಲಿಲ್ಲ. ಎಂಟಡಿ ಬೇಲಿಯ ಒಂದು ತುಂಡನ್ನೇ ಮಾಡಿ ಮೂಲೆಯಲ್ಲಿ ನಿಲ್ಲಿಸಿದಳು. ಇಪ್ಪತ್ತನಾಲ್ಕು ಚಪ್ಪಟೆ ಕಂಬಿ, ಒಂದೊಂದರ ಅಂಚೂ ಬೀದಿಯ ಕಡೆಗೆ. ದುಂಡು ಕಂಬಿಯನ್ನು ಕಳ್ಳರು ಬಗ್ಗಿಸಿಬಿಡುತ್ತಾರೆ, ಹೀಗೆ ನಿಲ್ಲಿಸಿದ ಚಪ್ಪಟೆ ಕಂಬಿ ಬೀದಿಯಿಂದ ಎಳೆದರೂ ತಳ್ಳಿದರೂ ಬಗ್ಗುವುದಿಲ್ಲ.

ಅರ್ಜಿಗಳನ್ನು ತೀರ್ಮಾನಿಸುವ ಸಮಿತಿ ಸೇರುವ ದಿನ ಬೆಳಗ್ಗೆ ಹತ್ತಕ್ಕೆ ಯೋಜನಾಧಿಕಾರಿ ಜಾಗ ನೋಡಲು ಬಂದರು. ಮೈಕಟ್ಟೂ ಮಾತೂ ಗೆರೆ ಎಳೆದ ಹಾಗೆ. ಜನ ಅವರಿಗೆ ಅಡಿಕೋಲು ಸಾಹೇಬರು ಎಂದು ಹೆಸರಿಟ್ಟಿದ್ದರು.

"ನೋಡಿ ಸಾರ್, ಎದುರಿಗೇ ನಿಂತ್ಕೊಳ್ಳಿ," ಎಂದಳು ಕಿಡಿ. "ಆಚೆ ಬೀದಿ ಕಾಣ್ತಾ ಇದ್ಯಾ? ಇದನ್ನ ಗೋಡೆ ಅಂತೀರಾ?"

ಸಾಹೇಬರು ಎದುರಿಗೆ ನಿಂತರು. ಎಲ್ಲವೂ ಕಂಡಿತು. ನಾನಂತೂ ಎದೆಯುಬ್ಬಿಸಿದೆ. ಅವರು ರಸ್ತೆಯುದ್ದಕ್ಕೆ ನಡೆದು ಹೋಗಿ, ವಾಹನಗಳು ನಿಲ್ಲಬೇಕಾದ ಬಿಳಿ ಗೆರೆಯ ಮೇಲೆ ನಿಂತರು.

"ಅಮ್ಮಾ, ಗಾಡಿ ಓಡಿಸೋರು ನಿಮ್ಮ ಬೇಲಿ ಎದುರಿಗೆ ನಿಲ್ಲಲ್ಲ. ಇಲ್ಲಿ ನಿಲ್ತಾರೆ. ಬಂದು ನೋಡಿ."

ಕಿಡಿ ಹೋಗಿ ನೋಡಿದಳು. ನಾನೂ ನೋಡಿದೆ. ಓರೆಯಿಂದ ನೋಡಿದರೆ ಇಪ್ಪತ್ತನಾಲ್ಕು ಕಂಬಿಗಳು ಒಂದರ ಬೆನ್ನಿಗೆ ಒಂದು ಸೇರಿ, ಬೆಳಕೂ ನುಸುಳದ ಗೋಡೆ! ನನ್ನ ದಪ್ಪ ಗೆರೆ ಅಕ್ಷರಶಃ ಎದ್ದು ನಿಂತಿತ್ತು.

"ಎರಡು ಗಂಟೆಗೆ ಸಮಿತಿ. ಇದು ಬಿಟ್ರೆ ಮುಂದಿನ ಸಭೆಗೆ ಮೂರು ತಿಂಗಳು ಆಗುತ್ತೆ," ಎಂದರು ಸಾಹೇಬರು, ಕೊಂಚ ಬೇಸರದಿಂದಲೇ. "ತಂತಿಬಲೇನೇ ಎತ್ತರ ಮಾಡ್ಕೊಳ್ಳಿ."

"ತಂತಿ ಕತ್ತರಿಸೋಕೆ ಎರಡು ನಿಮಿಷ ಸಾಕು ಸಾರ್. ನೀವು ಒಂದೂವರೆಗೆ ಇನ್ನೊಂದ್ಸಲ ಬನ್ನಿ."

"ಬಂದು?"

"ನೋಡೋಕೆ."

ಸಾಹೇಬರು ಹೋದರು. ಕಿಡಿ ಸೊಂಟದ ಮೇಲೆ ಕೈಯಿಟ್ಟು ಬೇಲಿಯನ್ನು ನೋಡಿದಳು, ಬಿಳಿ ಗೆರೆಯನ್ನು ನೋಡಿದಳು. ಆಮೇಲೆ ಕೂಗಿದಳು, "ಅತ್ತೇ! ಒಂದು ಸ್ಟೂಲ್ ತಗೊಂಡು ಬನ್ನಿ. ನೀವು ಈಗ ಕಾರು ಓಡಿಸ್ಬೇಕು."

"ಈ ವಯಸ್ಸಲ್ಲಾ?"

ಬಿಳಿ ಗೆರೆಯ ಪಕ್ಕ, ರಸ್ತೆಯಂಚಿನಲ್ಲಿ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದಳು. ದಾರದ ಒಂದು ತುದಿಯನ್ನು ಅಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದಳು. ಇನ್ನೊಂದು ತುದಿ ಹಿಡಿದ ನಾನು, ಕಿಡಿ ಮೊದಲೇ ಕಡಿದು ತೆಗೆದ ಕಂಬಿಯೊಂದರ ಸಂದಿನಲ್ಲಿ ದಾರ ತೂರಿಸಿಕೊಂಡು, ವರ್ಕ್‌ಶಾಪಿನ ಖಾಲಿ ಮೂಲೆಯನ್ನು ದಾಟಿ, ಅಡ್ಡರಸ್ತೆಗೆ ಹೋಗಿ ನಿಂತೆ.

"ಬಿಗಿಯಾಗಿ ಹಿಡೀರಿ ಅತ್ತೆ. ನಿಮ್ಮ ನೋಟ ಇದೇ."

"ನನ್ನ ನೋಟ ಯಾವತ್ತೂ ಬಿಗೀನೇ," ಎಂದಳು ಅಮ್ಮ. ನಿಜ. ಮದುವೆಯಾದ ವರ್ಷದಿಂದ ಕಿಡಿ ಅದನ್ನು ಕಂಡವಳೇ.

ದಾರ ಬೇಲಿಯನ್ನು ದಾಟುವ ಓರೆಗೆ ಸರಿಯಾಗಿ ಕಿಡಿ ಅಳತೆಗೆಂದು ಒಂದು ತಗಡಿನ ತುಂಡು ಕತ್ತರಿಸಿಕೊಂಡಳು. ಮುಖಕ್ಕೆ ಗುರಾಣಿ ಇಳಿಸಿಕೊಂಡು ಉಳಿದ ಕಂಬಿಗಳನ್ನೂ ಕಿತ್ತಳು. ಜನ ಕಂಬಿ ಕೀಳುವುದು ಓಡಿಹೋಗುವುದಕ್ಕೆ, ಇವಳು ಕಿತ್ತಿದ್ದು ನಿಲ್ಲುವುದಕ್ಕೆ. ಒಂದೊಂದನ್ನೂ ಕಡಿದು, ತಗಡಿನ ಓರೆಗೆ ತಿರುಗಿಸಿ, ಮತ್ತೆ ಬೆಸೆದಳು. ನಾನು ಎಣಿಸುತ್ತಾ ಹೋದೆ. ಒಂದು ಗಂಟೆಗೆ ಹದಿನೇಳು. ಒಂದೂಕಾಲಿಗೆ ಇಪ್ಪತ್ತು. ಅಮ್ಮ ನೀರು ತಂದು ಅವಳ ಬಾಯಿಗೆ ಹಿಡಿದಳು. ಇಷ್ಟು ವರ್ಷದಲ್ಲಿ ಹಾಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ.

ಸಾಹೇಬರು ಹೇಳಿದ ಹೊತ್ತಿಗೆ ಬಂದಾಗ ಕೊನೆಯ ಕಂಬಿ ಇನ್ನೂ ಬಿಸಿಯಾಗಿತ್ತು. ಬಿಳಿ ಗೆರೆಯ ಬಳಿ ಹೋದವರು ಅಮ್ಮನ ಸ್ಟೂಲಿನ ಮೇಲೆ ಕೂತೇ ಬಿಟ್ಟರು. ಕಂಬಿಗಳ ನಡುವೆ ಅಡ್ಡರಸ್ತೆ ಚಾಚಿಕೊಂಡು ಕಾಣುತ್ತಿತ್ತು. ಒಂದು ಸೈಕಲ್ಲು ಬಂತು, ಅದರ ಹಿಂದೆ ಒಂದು ವ್ಯಾನು.

"ಗಟ್ಟಿ ಇದ್ಯಾ?"

ಕಿಡಿ ಒಂದು ಕಂಬಿಯನ್ನು ಹಿಡಿದು ಜಗ್ಗಿದಳು. ಕಂಬಿ ಅಲುಗಲಿಲ್ಲ. ಸಾಹೇಬರ ತುಟಿ ಮಾತ್ರ ಅಲುಗಿತು. ನಕ್ಕಿರಬೇಕು.

"ಮೂಲೇಲಿ ಸಾಮಾನು ಇಡಬಾರ್ದು, ಕಂಬಿ ಎಲ್ಲಾ ಇದೇ ಓರೇಲಿ ಇರ್ಬೇಕು. ಹೊಸ ನಕ್ಷೆ ಕೊಡಿ, ಸಮಿತಿಗೆ ನಾನೇ ಹೇಳ್ತೀನಿ." ನಾನು ಜೇಬಿನಿಂದ ಮಾರ್ಕರು ತೆಗೆದೆ. "ನೀವಲ್ಲ ಸ್ವಾಮಿ! ಅವರು ಬರೀಲಿ."

ಕಿಡಿ ಮಸಿಗೈಯಲ್ಲೇ ಪೆನ್ಸಿಲು ಹಿಡಿದು ಇಪ್ಪತ್ತನಾಲ್ಕು ಪುಟ್ಟ ಓರೆ ಗೆರೆಗಳನ್ನು ಎಳೆದಳು. ಗೆರೆಗೂ ಗೆರೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಂಜೆ ಐದಕ್ಕೆ ಅನುಮತಿ ಕೈಗೆ ಬಂತು, ಎಂಟಡಿ ಪೂರ್ತಿ. ಎಂಜಿನಿಯರಿಗೆ ಫೋನ್ ಮಾಡಿದೆ. "ಗೇಟಿನ ಅಳತೆಗೆ ನಾಳೇನೇ ಬರೋಕೆ ಹೇಳಿ," ಎಂದ.

ಬೇಲಿ ಎದ್ದು ಈಗ ತಿಂಗಳಾಯಿತು. ಒಳಗೆ ಇಪ್ಪತ್ತಡಿಯ ಗೇಟು ಮಲಗಿದೆ. ಹೊರಗೆ, ಬಿಳಿ ಗೆರೆಯ ಪಕ್ಕ, ಸ್ಟೂಲು ಹಾಕಿಕೊಂಡು ಅಮ್ಮ ಕೂತಿರುತ್ತಾಳೆ. ಹೋಗಿಬರುವವರನ್ನು ಬಿಡುವುದಿಲ್ಲ.

"ಬಾಪ್ಪಾ, ಇಲ್ಲಿ ಕೂತು ನೋಡು. ಆಚೆ ರಸ್ತೆ ಕಾಣುತ್ತಾ? ಕಾಣಲೇಬೇಕು. ನನ್ನ ಸೊಸೆ ಮಾಡಿದ್ದು."

ಕೂತವರು ತಲೆಯಾಡಿಸುತ್ತಾರೆ. ಅವರು ಎದ್ದು ಹೊರಡುವ ಹೊತ್ತಿಗೆ ಅಮ್ಮ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಾಳೆ:

"ದಾರ ಹಿಡಿದಿದ್ದು ನಾನು."