ಇಸ್ತ್ರಿ ಕೋಣೆಯ ಪರದೆ

"ಪರದೆ ಯಾಕೆ ಸರಿಸಿದೆ, ಮುಂಡೇದೆ? ನಿನ್ನ ಮುಖ ನೋಡಿ ಗಿರಾಕಿಗಳು ಬಟ್ಟೆ ವಾಪಸ್ ತಗೊಂಡು ಹೋಗ್ಲಿ ಅಂತಲಾ?"

ಲಾಂಡ್ರಿ ಮಾಲೀಕ ಬೆಡ್‌ಶೀಟಿನ ರಾಶಿಯನ್ನು ಕಾಲಿನಿಂದ ಅವಳತ್ತ ತಳ್ಳಿದ. ಇಸ್ತ್ರಿಯವಳು ತಲೆ ತಗ್ಗಿಸಿದಳು. ಹಬೆಗೆ ಉಸಿರು ಕಟ್ಟಿ ಒಂದು ಗೇಣು ಸರಿಸಿದ್ದಳು, ಅಷ್ಟೇ. ಅವಳ ಹಣೆ, ರೆಪ್ಪೆ, ಕುತ್ತಿಗೆಯ ತುಂಬ ಮೆತ್ತನೆಯ ಗಂಟುಗಳು. ಕೆಲವು ಕಡಲೆಕಾಳಿನಷ್ಟು, ಕೆಲವು ನಿಂಬೆಹಣ್ಣಿನಷ್ಟು. ಒಗೆಯುವವರು ಇಟ್ಟ ಹೆಸರು ಗಂಟಕ್ಕ. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಮೂಲೆಗೆ ಮೂಲೆ ಕೂಡಿಸುವಾಗ ಕೈಗೆ ಕೈ ತಗಲುತ್ತದೆ. ಅದಕ್ಕೇ ಅವಳ ಎದುರು ಯಾರೂ ನಿಲ್ಲರು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಒಬ್ಬಳೇ ಮಡಿಸುತ್ತಾಳೆ.

ಪರದೆಯಾಚೆ ಕೌಂಟರಿನಲ್ಲಿ ನಿಲ್ಲುವ ಹುಡುಗಿ ಅವಳ ಮಗಳು. ಅದು ಅಲ್ಲಿ ಯಾರಿಗೂ ಗೊತ್ತಿಲ್ಲ. ಕೆಲಸಕ್ಕೆ ಸೇರಿಸುವ ಮೊದಲು ತಾನೇ ಹೇಳಿಕೊಟ್ಟಿದ್ದಳು: "ಅಲ್ಲಿ ನನ್ನನ್ನ ಅಮ್ಮ ಅನ್ಬೇಡ. ಅಕ್ಕ ಅನ್ನು. ಬೇರೆ ಬಸ್ಸಲ್ಲಿ ಬಾ."

ಹಸುಗೂಸನ್ನು ಮೀಯಿಸುವಾಗಲೇ ಮಗಳ ಬೆನ್ನ ಮೇಲೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಕಲೆಗಳನ್ನು ಕಂಡಿದ್ದಳು. ತನಗೂ ಹೀಗೇ ಶುರುವಾಗಿತ್ತು. "ಅದೃಷ್ಟದ ಮಚ್ಚೆ ಕಣೇ" ಎನ್ನುತ್ತಲೇ ಬೆಳೆಸಿದಳು. ಮೈನೆರೆದ ಮೇಲೆ ಕುತ್ತಿಗೆಯ ಕೆಳಗೆ ಮೊದಲ ಗಂಟು ಎದ್ದಾಗ ಮಗಳು ಕನ್ನಡಿಯಿಂದ ತಿರುಗಿ ಕೇಳಿದ್ದು ಒಂದೇ ಮಾತು: "ಗೊತ್ತಿತ್ತಾ ನಿಂಗೆ?" ತಾಯಿ ಒಲೆಯತ್ತ ತಿರುಗಿಕೊಂಡಿದ್ದಳು.

"ಏನ್ರೀ, ಇದು ಅಂಟೋದಾ?" ಕೌಂಟರಿನ ಹೊರಗಿನಿಂದ ಗಿರಾಕಿಯೊಬ್ಬ ಪರದೆಯ ಸಂದಿಗೆ ಇಣುಕಿದ. "ನಮ್ಮನೇಲಿ ಮಕ್ಳು ಮಲಗೋ ಬೆಡ್‌ಶೀಟು ಕಣ್ರೀ."

"ಅಂಟಲ್ಲ ಸಾರ್," ಇಸ್ತ್ರಿಯವಳೇ ಹೇಳಿದಳು. "ಡಾಕ್ಟ್ರು ಹೇಳಿದಾರೆ. ಮುಟ್ಟಿದ್ರೆ ಬರೋದಲ್ಲ. ಹುಟ್ತಾನೇ ಬರೋದು."

"ಹಾಗಾದ್ರೆ ನಿನ್ನ ಮಕ್ಳಿಗೂ ಇದೆ ಅನ್ನು!" ಮಾಲೀಕ ನಕ್ಕ.

ಕೌಂಟರಿನಲ್ಲಿ ರಸೀದಿ ಹರಿಯುವ ಸದ್ದು ನಿಂತಿತು.

"ನಂಗೆ ಮಕ್ಳಿಲ್ಲ."

ಇಸ್ತ್ರಿಯವಳು ಬೆಡ್‌ಶೀಟಿನ ತುದಿಯನ್ನು ಸರಳಿಗೆ ಸಿಕ್ಕಿಸತೊಡಗಿದಳು.

"ಪುಣ್ಯ ಬಿಡು. ಇಂಥದ್ದೇ ಇನ್ನೊಂದನ್ನ ಹೆತ್ತು ಬೀದಿಗೆ ಬಿಡ್ಲಿಲ್ವಲ್ಲ."

"ಬಿಟ್ಟಿದಾಳೆ." ಮಗಳು ಗಿರಾಕಿಯತ್ತ ತಿರುಗಿ ಕಾಲರಿನ ಗುಂಡಿ ಬಿಚ್ಚಿದಳು. "ನಮ್ಮಮ್ಮ ಅವಳು. ನೋಡ್ಕೊಳ್ಳಿ ಚೆನ್ನಾಗಿ. ವರ್ಷದಿಂದ ನಿಮ್ಮ ಬಟ್ಟೆ ಎತ್ತಿ ಕೊಡ್ತಿರೋಳು ನಾನು. ಯಾರಿಗೆ ಅಂಟಿತು ಹೇಳಿ?"

ಗಿರಾಕಿ ಚೀಲವನ್ನು ಎದೆಗವಚಿಕೊಂಡು ಹಿಂದೆ ಸರಿದ.

ಮಾಲೀಕ ದನಿ ಇಳಿಸಿದ. "ನಿಂದು ಕಾಣಲ್ವಲ್ಲಮ್ಮ. ಗುಂಡಿ ಹಾಕ್ಕೊಂಡು ನಿಂತ್ಕೋ. ಇವಳನ್ನ ಕಳಿಸ್ಬಿಡ್ತೀನಿ, ಆಯ್ತಾ?"

"ಹೂಂ ಅನ್ನೇ," ತಾಯಿ ಗೋಗರೆದಳು. "ನಿನ್ನ ಕಾಲಿಗೆ ಬೀಳ್ತೀನಿ. ಹಾಕ್ಕೊಳೇ ಗುಂಡಿ."

"ಥೂ, ನಿಮ್ಮ!" ಎಂದಳು ಮಗಳು. ಅದರಲ್ಲಿ ತನ್ನ ಪಾಲೂ ಇದೆ ಎಂದು ತಾಯಿಗೆ ತಿಳಿಯಿತು.

ಮಗಳು ಪರದೆಯನ್ನು ಎರಡೂ ಕೈಯಿಂದ ಜಗ್ಗಿದಳು. ಅದು ಕಂಬಿ ಸಮೇತ ಕೆಳಗೆ ಬಂತು. ಮುದ್ದೆ ಮಾಡಿ ಒಗೆಯುವ ಮಷೀನಿಗೆ ತುರುಕಿ ಚಾಲೂ ಮಾಡಿದಳು.

"ಇದನ್ನ ಒಬ್ರೂ ಒಗೆದಿಲ್ಲ ನೋಡಿ. ನಾರ್ತಿದೆ."

ಮಷೀನು ತಿರುಗತೊಡಗಿತು. ಒಗೆಯುವವರಿಗೆ, ಗಿರಾಕಿಗೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಇಸ್ತ್ರಿಯವಳು ನಿಂತಿದ್ದಳು. ಮುಖ ಮುಚ್ಚಿಕೊಳ್ಳಲು ಕೈ ಎತ್ತಿದಳು. ಕೈ ತುಂಬ ಅವೇ ಗಂಟುಗಳಿದ್ದವು.